ಹಳೆಯ ಕಾರಿಗೊಂದು ಹೊಸ ಕೊಳವೆ

(ಬಾನುಲಿ ಭಾಷಣ)

ಮೂವತ್ತು ವರುಷ ಹಳಗನ್ನಡ ಕಾವ್ಯವನ್ನೂ ಗ್ರಂಥಸಂಪಾದನೆಯನ್ನೂ ಪಾಠ ಹೇಳಿ ನಿವೃತ್ತನಾದವನೊಬ್ಬ ಬಾನುಲಿಯ ಮುಂದೆ ಕುಳಿತು ಮೋಟಾರು ಗಾಡಿಯ ಹೊಗೆಕೊಳವೆಯ ವಿಷಯ ಎತ್ತಿಕೊಂಡರೆ ಕೇಳುವವರಿಗೆ ನಗು ಬಂದೀತು. ಬರಲಿ. ಯಂತ್ರಗಳ ವಿಷಯದಲ್ಲಿ ನನಗಿರುವ ಅಧಿಕಾರ ಇಷ್ಟೇ: ನಮ್ಮ ಮನೆಯಲ್ಲಿ 1971ರ ಒಂದು ಫಿಯಾಟ್ ಕಾರು ಇದೆ, ಅದಕ್ಕೆ ಒಂದೇ ವರುಷದೊಳಗೆ ಎರಡು ಸಲ ಸೈಲೆನ್ಸರು ಹಾಕಿಸಿದೆ. ಮೊದಲನೆಯ ಸಲ ತಪ್ಪು ಮಾಡಿದೆ. ಆ ತಪ್ಪಿನಿಂದ ಮನೆಯವರ ಜೀವಕ್ಕೇ ಸಂಚಕಾರ ಬರುವುದರಲ್ಲಿತ್ತು. ಆದ್ದರಿಂದ ಈ ಮಾತು.

ಕಾರು ನಮ್ಮ ತಂದೆಯವರದು. ಅವರು ಮುಂಬಯಿಯ ಎಲ್.ಸಿ.ಪಿ.ಎಸ್. ಮುಗಿಸಿ ಬಂದು ಕಿತ್ತೂರಿನಲ್ಲಿ ದವಾಖಾನೆ ಇಟ್ಟಿದ್ದ ವೈದ್ಯರು. ಕಾರಿಗೆ ಹೆಸರು ಬರೆಸಿ ವರುಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ಕಾದು ಕಾದು ಕೊನೆಗೆ ಬಂದದ್ದು ಮುಂಬಯಿಯ ಕುರ್ಲಾದ ಪ್ರೀಮಿಯರ್ ಕಾರಖಾನೆಯ 'ಫಿಯಾಟ್ 1100 ಡಿಲೈಟ್'. ನಾಲ್ಕು ಸಿಲಿಂಡರಿನ 1089 ಸಿ.ಸಿ. ಇಂಜಿನ್ನು, ಸ್ಟಿಯರಿಂಗಿನ ಕಂಬಕ್ಕೇ ಹೊಂದಿಕೊಂಡ ಗೇರು. 1964ರಲ್ಲಿ ಬಂದ ಈ ಮಾದರಿಯೇ ಮುಂದೆ 'ಪ್ರೆಸಿಡೆಂಟ್' ಎನಿಸಿಕೊಂಡು 1974ರಲ್ಲಿ 'ಪದ್ಮಿನಿ'ಯಾಯಿತು. ಹೆಸರಿಟ್ಟವರಿಗೆ ಚಿತ್ತೋಡದ ರಾಣಿಯ ನೆನಪಿತ್ತೋ ಏನೋ. ನನಗಂತೂ ಕ್ಲಾಸಿನಲ್ಲಿ ಪದ್ಮಿನಿ, ಚಿತ್ತಿನಿ, ಶಂಖಿನಿ, ಹಸ್ತಿನಿ ಎಂಬ ಭೇದಗಳನ್ನು ಹೇಳುವಾಗಲೆಲ್ಲ ಹಿಂದಿನ ಬೆಂಚಿನಿಂದ ಮೋಟಾರಿನ ಸದ್ದು ಕೇಳಿಬರುತ್ತಿತ್ತು. ಮುಂಬಯಿಯ ಕರಿ-ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರಿನಲ್ಲಿ. ನಮ್ಮದು ಅದಕ್ಕೂ ಹಿರಿಯದು, ಇನ್ನೂ ಓಡುತ್ತಿದೆ.

ತಿಗಡೊಳ್ಳಿ, ಹುಣಶೀಕಟ್ಟಿಗಳ ಕಡೆಯಿಂದ ರಾತ್ರಿ ಕರೆ ಬಂದರೆ ತಂದೆಯವರು ಆ ಕಾರಿನಲ್ಲಿ ಹೋಗುತ್ತಿದ್ದರು. ರೋಗಿ ಮಲಗಿದ ಮನೆಯ ಕಟ್ಟೆಯ ಮೇಲೆ ಕಂದೀಲು ಹಿಡಿದು ಕುಳಿತವರಿಗೆ ಮೊದಲು ಕಾಣುತ್ತಿದ್ದುದು ದೀಪವಲ್ಲ, ಕೇಳುತ್ತಿದ್ದುದು ಸದ್ದು. 'ಡಾಕ್ಟರ ಗಾಡಿ ಬಂತು' ಎಂದು ಒಬ್ಬರು ಹೇಳಿದರೆ ಒಳಗೆ ಅಳುತ್ತಿದ್ದವರು ಅರೆಗಳಿಗೆ ಸುಮ್ಮನಾಗುತ್ತಿದ್ದರಂತೆ. ಇತ್ತ ನಮ್ಮ ಮನೆಯಲ್ಲಿ, ಕಾರು ಹೆದ್ದಾರಿ ಬಿಟ್ಟು ಊರೊಳಗೆ ಹೊರಳಿದ ಸಪ್ಪಳಕ್ಕೇ ತಾಯಿಯವರು ಎದ್ದು ಒಲೆಯ ಮೇಲೆ ಹಂಚು ಇಡುತ್ತಿದ್ದರು. ಬೇರೆ ಕಾರುಗಳು ಆ ದಾರಿಯಲ್ಲಿ ಹಾಯುತ್ತಿರಲಿಲ್ಲವೆಂದಲ್ಲ. ಅವರ ಕಿವಿ ಒಮ್ಮೆಯೂ ತಪ್ಪಿದ್ದನ್ನು ನಾನು ಕಾಣೆ.

ಆ ಸದ್ದು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ನಾನು ತಿಳಿದುಕೊಂಡದ್ದು ಅರವತ್ತು ದಾಟಿದ ಮೇಲೆ. ಸಿಲಿಂಡರಿನಲ್ಲಿ ಪೆಟ್ರೋಲು ಉರಿದು, ಹೊಗೆ ಹೊರಬೀಳುವ ಬಾಗಿಲು ತೆರೆದಾಗ, ಒತ್ತಡದಲ್ಲಿದ್ದ ಅನಿಲ ಒಮ್ಮೆಲೇ ನುಗ್ಗುತ್ತದೆ. ಪ್ರತಿಯೊಂದು ನುಗ್ಗೂ ಒಂದು ಸಣ್ಣ ಗುಂಡಿನ ಹಾಗೆ. ನಾಲ್ಕು ಸಿಲಿಂಡರಿನ ಇಂಜಿನ್ನು ನಿಂತಲ್ಲೇ ನಿಮಿಷಕ್ಕೆ ಎಂಟುನೂರು ಸುತ್ತು ತಿರುಗುತ್ತಿದ್ದರೆ ಇಂಥ ಗುಂಡುಗಳು ಸೆಕೆಂಡಿಗೆ ಇಪ್ಪತ್ತಾರು ಇಪ್ಪತ್ತೇಳು. ಇವನ್ನು ಹದಕ್ಕೆ ತರುವುದು ಸೈಲೆನ್ಸರಿನ ಕೆಲಸ. ಹಳೆಯ ಬಗೆಯದರ ಒಳಗೆ ಎರಡು ಮೂರು ಕೋಣೆಗಳು, ನಡುವೆ ತಡಿಕೆಗಳು, ತೂತು ಕೊರೆದ ಗಿಡ್ಡ ಕೊಳವೆಗಳು. ಹೊಗೆ ಮುಂದೆ ಹೋಗಿ, ಹಿಂದೆ ಹೊರಳಿ, ಮತ್ತೆ ಮುಂದೆ ಹೋಗುವಷ್ಟರಲ್ಲಿ ಒಂದು ಅಲೆ ಇನ್ನೊಂದನ್ನು ಅಡಗಿಸುತ್ತದೆ. ಉಳಿದದ್ದು ಗಾಡಿಯ ದನಿ. ಕೋಣೆಯ ಉದ್ದ ಒಂದಿಷ್ಟು ಬದಲಾದರೂ ದನಿ ಬದಲಾಗುತ್ತದೆ. ಅಮೆರಿಕದವರು ಇದಕ್ಕೆ ಮಫ್ಲರ್ ಎನ್ನುತ್ತಾರೆ. ನಮ್ಮಲ್ಲಿ ಮಫ್ಲರ್ ಎಂದರೆ ಬೆಳಗಿನ ಚಳಿಗೆ ಹಿರಿಯರು ಕಿವಿ ಮುಚ್ಚಿ ಸುತ್ತಿಕೊಳ್ಳುವ ಉಣ್ಣೆಯ ಪಟ್ಟಿ. ಆ ಹೆಸರೇ ಹೆಚ್ಚು ಒಪ್ಪುತ್ತದೆ ಎನಿಸುತ್ತದೆ. ಏಕೆಂದರೆ ಯಾವ ಸೈಲೆನ್ಸರೂ ಪೂರ್ತಿ ಮೌನ ಮಾಡುವುದಿಲ್ಲ.

2023ರ ಮಳೆಗಾಲದಲ್ಲಿ ನಮ್ಮ ಸೈಲೆನ್ಸರು ಬಾಯಿಬಿಟ್ಟಿತು. ಬೈಲಹೊಂಗಲದ ಮಿಸ್ತ್ರಿಯವರು ಕಾರಿನ ಕೆಳಗೆ ತೂರಿ, ಸ್ಕ್ರೂಡ್ರೈವರಿನಿಂದ ಒಮ್ಮೆ ಚುಚ್ಚಿ ಹೊರಬಂದರು. 'ಇದು ಹೊರಗಿಂದ ತುಕ್ಕ ಹಿಡದದ್ದಲ್ರಿ ಸರ್ರ, ಒಳಗಿಂದ ತಿಂದೈತಿ' ಎಂದರು. ಒಂದು ಲೀಟರು ಪೆಟ್ರೋಲು ಉರಿದರೆ ಹೆಚ್ಚು ಕಡಿಮೆ ಒಂದು ಲೀಟರು ನೀರು ಆವಿಯಾಗಿ ಹುಟ್ಟುತ್ತದೆಂಬುದು ನನಗೆ ಹೊಸ ಸಂಗತಿ. ದೂರ ಓಡಿಸಿದರೆ ಕೊಳವೆ ಕಾದು ಆ ನೀರು ಹೊರಗೆ ಹೋಗುತ್ತದೆ. ನನ್ನಂತೆ ವಾರಕ್ಕೊಮ್ಮೆ ಸಂತೆಗೆ ಹೋಗಿಬರುವವನ ಗಾಡಿಯಲ್ಲಿ ಅದು ಒಳಗೇ ನಿಂತು ತಗಡನ್ನು ತಿನ್ನುತ್ತದೆ. ಜೋಪಾನ ಮಾಡುತ್ತೇನೆಂದು ಕಾರನ್ನು ಮನೆಯಲ್ಲಿಟ್ಟೆ; ಜೋಪಾನವೇ ಅದನ್ನು ಕೆಡಿಸಿತ್ತು.

ಮಿಸ್ತ್ರಿಯವರು ಕೈಯಿಂದ ಮಾಡಿಕೊಡಲು ತಯಾರಿದ್ದರು. ಆದರೆ ಅಷ್ಟರಲ್ಲಿ ಬೆಂಗಳೂರಿನಲ್ಲಿರುವ ನನ್ನ ಮಗ ವಿಷಯ ತಿಳಿದು ತಾನೇ ಒಂದನ್ನು ತರಿಸಿದ್ದ. ತುಕ್ಕು ಹಿಡಿಯದ ಉಕ್ಕಿನದು, ಕನ್ನಡಿಯಂತೆ ಹೊಳೆಯುವುದು. ಇದರೊಳಗೆ ಕೋಣೆಗಳಿಲ್ಲ, ತೂತುಗಳುಳ್ಳ ಒಂದೇ ನೇರ ಕೊಳವೆ, ಅದರ ಸುತ್ತ ಗಾಜಿನ ಉಣ್ಣೆ. ಹೊಗೆಗೆ ಅಡೆತಡೆ ಕಡಿಮೆ, ಇಂಜಿನ್ನಿಗೆ ಉಸಿರು ಸಲೀಸು, ದನಿ ದೊಡ್ಡದು. 'ಅಪ್ಪಾ, ಅಜ್ಜನ ಗಾಡಿ ಕಿತ್ತೂರ ಉತ್ಸವದಾಗ ಗುಡಗಬೇಕು' ಎಂದ. ಅವನು ಅಜ್ಜನ ತೊಡೆಯ ಮೇಲೆ ಕುಳಿತು ಆ ಕಾರಿನ ಹಾರ್ನು ಒತ್ತಿದವನು. ಅವನ ಪ್ರೀತಿಯನ್ನು ಅಲ್ಲಗಳೆಯುವುದು ನನ್ನಿಂದಾಗಲಿಲ್ಲ. ನಗರದ ಒಂದು ಅಂಗಡಿಯಲ್ಲಿ ಒಂದೇ ದಿನದಲ್ಲಿ ಅದನ್ನು ಜೋಡಿಸಿಕೊಟ್ಟರು.

ನಿಜವನ್ನು ಹೇಳಬೇಕು: ಹೆದ್ದಾರಿಯ ಏರಿನಲ್ಲಿ ಕಾರು ಮೊದಲಿಗಿಂತ ಹುರುಪಿನಿಂದ ಎಳೆಯಿತು. ಉತ್ಸವದಲ್ಲಿ ಹುಡುಗರು ಸುತ್ತ ನೆರೆದು ಮೊಬೈಲಿನಲ್ಲಿ ಚಿತ್ರ ತೆಗೆದರು. ನಾನೂ ಸ್ವಲ್ಪ ಉಬ್ಬಿದೆ. ಆದರೆ ಕಾರು ನಮ್ಮ ಓಣಿಗೆ ಹೊರಳಿದಾಗ ಪಕ್ಕದ ಮನೆಯ ಅಜ್ಜಿ ಬಾಗಿಲಿಗೆ ಬಂದು, 'ಯಾರ ಗಾಡಿರೀ ಅದು?' ಎಂದು ಕೇಳಿದರು. ಐವತ್ತು ವರುಷ ಆ ಗಾಡಿಯ ಸದ್ದು ಕೇಳಿದವರು ಅವರು.

ಮುಂದಿನ ಸಂಗತಿ 2024ರ ಆರಂಭದ್ದು. ಬನದ ಹುಣ್ಣಿಮೆಯ ಗದ್ದಲ ಮುಗಿದ ಮೇಲೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗೋಣವೆಂದು ಮನೆಯವರು ಹೇಳಿದರು. ಮಗ ರಜೆಗೆ ಬಂದಿದ್ದ, ಅವನೇ ನಡೆಸುತ್ತಿದ್ದ. ಬೆಳಗಿನ ಚಳಿಗೆ ಗಾಜುಗಳನ್ನೆಲ್ಲ ಏರಿಸಿದ್ದೆವು. ಹಿಂದಿನ ಸೀಟಿನಲ್ಲಿ ಮನೆಯವರೂ ಆರು ವರುಷದ ಮೊಮ್ಮಗಳೂ. ಬೈಲಹೊಂಗಲ ದಾಟಿ ಎರೆಯ ಹೊಲಗಳ ನಡುವೆ ಸಾಗುತ್ತಿದ್ದಾಗ ಮನೆಯವರು 'ತಲಿ ಸಿಡ್ಯಾಕತ್ತೇತ್ರಿ' ಎಂದರು. ಹಸಿದ ಹೊಟ್ಟೆಗೆ ಪಿತ್ತವಾಗಿರಬೇಕೆಂದು ನಾನು ಉಪೇಕ್ಷೆ ಮಾಡಿದೆ. ಸ್ವಲ್ಪ ಹೊತ್ತಿಗೆ ಅವರಿಗೆ ವಾಂತಿ ಬರುವಂತಾಯಿತು. ಮಗು ಮಲಗಿದೆಯಲ್ಲ, ಒಳ್ಳೆಯದೇ ಆಯಿತೆಂದುಕೊಂಡಿದ್ದೆವು. ಅಜ್ಜಿ ಅಲುಗಾಡಿಸಿದರೆ ಅದು ಏಳಲೊಲ್ಲದು.

ಮಗ ಕಾರು ನಿಲ್ಲಿಸಿ ನಾಲ್ಕೂ ಬಾಗಿಲು ತೆಗೆದ. ಮಗುವನ್ನು ಎತ್ತಿಕೊಂಡು ಜೋಳದ ಹೊಲದ ಬದುವಿನ ಮೇಲೆ ಮಲಗಿಸಿದೆವು. ಎಷ್ಟು ಹೊತ್ತು ಎಂದು ಕೇಳಿದರೆ ಹೇಳಲಾರೆ. ಗಡಿಯಾರ ನೋಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಅದು ಕಣ್ಣು ಬಿಟ್ಟು ನೀರು ಕೇಳಿದಾಗ ಮಗ ಮುಖ ತಿರುಗಿಸಿಕೊಂಡು ನಿಂತಿದ್ದ. ಬೈಲಹೊಂಗಲಕ್ಕೆ ಬೇರೆ ವಾಹನದಲ್ಲಿ ಹಿಂತಿರುಗಿ ವೈದ್ಯರಿಗೆ ತೋರಿಸಿದೆವು. ಅವರು ಆಮ್ಲಜನಕ ಕೊಟ್ಟು, ಸಂಜೆಯವರೆಗೆ ನೋಡಿ ಕಳಿಸಿದರು.

ಕಾರಣವನ್ನು ನಮ್ಮ ಮಿಸ್ತ್ರಿಯವರು ಮರುದಿನ ತೋರಿಸಿದರು. ಫಿಯಾಟಿನ ಹೊಗೆಕೊಳವೆ ಹಿಂದಿನ ಅಚ್ಚಿನ ಮೇಲೆ ಕಮಾನಿನಂತೆ ಬಾಗಿ, ಗಾಡಿಯ ಹಿಂದಿನ ಅಂಚನ್ನು ದಾಟಿ ಹೊರಗೆ ಬರಬೇಕು. ಮಗ ತರಿಸಿದ ಕೊಳವೆಗೆ ಆ ಬಾಗು ಇರಲಿಲ್ಲ. ಅಂಗಡಿಯವರು ಅದನ್ನು ಅಚ್ಚಿನ ಮುಂದೆಯೇ ಕತ್ತರಿಸಿ, ಹಿಂದಿನ ಸೀಟಿನ ಕೆಳಗೆ ಬಾಯಿ ತೆರೆದು ಬಿಟ್ಟಿದ್ದರು. ಮೇಲೆ ತಗಡಿನ ನೆಲದಲ್ಲಿ, ರಬ್ಬರಿನ ಹಾಸಿನ ಕೆಳಗೆ, ಐವತ್ತು ವರುಷದ ತುಕ್ಕಿನ ತೂತುಗಳು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಹಿಡಿಯುತ್ತದೆ. ಈಗಿನ ಕಾರುಗಳಲ್ಲಿ ಅದನ್ನು ಸುಟ್ಟು ನಿರಪಾಯ ಮಾಡುವ ಕೆಟಲಿಟಿಕ್ ಕನ್ವರ್ಟರು ಇರುತ್ತದೆ. ನಮ್ಮ ದೇಶದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲು ಕಾರುಗಳಿಗೆ ಅದು ಕಡ್ಡಾಯವಾದದ್ದೇ 1995ರಲ್ಲಿ. ಅದಕ್ಕೆ ಹಿಂದಿನ ಗಾಡಿಗಳ ಹೊಗೆ ಹಸಿ ವಿಷ. ತಡಿಕೆ ಹೇಗಿದ್ದರೂ ಆದೀತು. ಕೊಳವೆಯ ಬಾಯಿ ಎಲ್ಲಿ ತೆರೆಯುತ್ತದೆ, ಕೀಲುಗಳು ಬಿಗಿಯಾಗಿವೆಯೇ, ನೆಲ ಗಟ್ಟಿಯಾಗಿದೆಯೇ ಎಂಬ ಮೂರನ್ನು ನೋಡದೆ ಹಳೆಯ ಗಾಡಿಗೆ ಯಾರೂ ಹೊಸ ಕೊಳವೆ ಹಾಕಿಸಬಾರದು. ಕಾನೂನಿಗೂ ಇದು ಹೊರತಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಸದ್ದಡಗಿಸುವ ಸಾಧನ ಇರಲೇಬೇಕೆಂದೂ ಹೊಗೆ ಹೊರಬೀಳುವ ದಿಕ್ಕು ಇಂಥದೇ ಇರಬೇಕೆಂದೂ ಹೇಳುತ್ತವೆ. ಬುಲೆಟ್ ಸವಾರರಿಂದ ಕಿತ್ತುಕೊಂಡ ಸೈಲೆನ್ಸರುಗಳ ಮೇಲೆ ಪೋಲೀಸರು ರೋಡ್ ರೋಲರ್ ಹಾಯಿಸಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿ ನಾನು ಮೆಚ್ಚಿಕೊಂಡವನೇ. ನನ್ನ ಕಾರಿನದೂ ಅದೇ ಜಾತಿಗೆ ಸೇರಿದ್ದೆಂದು ಆಗ ಹೊಳೆದಿರಲಿಲ್ಲ.

ಮೊದಲು ನೆಲಕ್ಕೆ ಹೊಸ ತಗಡು ಹೊದಿಸಿದ್ದಾಯಿತು. ಬಳಿಕ ಸೈಲೆನ್ಸರು. ಇದ್ದದ್ದು ಇದ್ದ ಹಾಗೆಯೇ ಬೇಕೆಂದು ನಾನು ಹಟ ಹಿಡಿದೆ. ಮನಸ್ಸಿನಲ್ಲಿದ್ದುದು ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಪಾಠ ಹೇಳಿದ ವರುಷಗಳು. ಓಲೆ ಮುರಿದು ಗ್ರಂಥಪಾತವಾದಲ್ಲಿ ಸಂಪಾದಕನು ತನ್ನ ಪದ್ಯವನ್ನು ತುರುಕಕೂಡದು; ಉಳಿದದ್ದನ್ನು ಆಧರಿಸಿ ಕವಿಯ ಪಾಠಕ್ಕೆ ಆದಷ್ಟು ಹತ್ತಿರ ಹೋಗಬೇಕು, ಊಹೆಯನ್ನು ಊಹೆಯೆಂದೇ ಗುರುತು ಮಾಡಬೇಕು. ಮಗನದು ಪ್ರಕ್ಷೇಪ, ನನ್ನದು ಮೂಲಪಾಠ ಎಂಬ ಹಮ್ಮು ನನಗಿತ್ತು.

ಮಿಸ್ತ್ರಿಯವರು ಹಳೆಯ ಸೈಲೆನ್ಸರನ್ನು ಎಸೆದಿರಲಿಲ್ಲ. ಅಳತೆಗೆಂದು ಅದನ್ನು ಉದ್ದಕ್ಕೆ ಕೊಯ್ದು ತೆರೆದರು. ಒಳಗಿನ ತಡಿಕೆಗಳನ್ನು ಬೆರಳಿನಿಂದ ತಟ್ಟಿ ನೋಡಿ, ಅಂಚಿನ ಮಡಿಕೆಯ ಮೇಲಿನ ಕರಿಯನ್ನು ಒರೆಸಿ ನಕ್ಕರು. 'ಇದು ಕಂಪನೀದಲ್ರಿ ಸರ್ರ. ನಮ್ಮ ಉಸ್ತಾದ ಮಾಡಿದ್ದು. ಇಲ್ನೋಡ್ರಿ.' ಮಡಿಕೆಯ ಮೇಲೆ ಉಳಿಯಿಂದ ಬಡಿದ ಎರಡು ಅಂಕಿಗಳು: 85.

ನಾನು ಸುಮ್ಮನಾದೆ. ಸೈಲೆನ್ಸರುಗಳ ಆಯುಷ್ಯ ಎಷ್ಟೆಂದು ಗೊತ್ತಿದ್ದವನಿಗೆ ಇದು ಮೊದಲೇ ಹೊಳೆಯಬೇಕಾಗಿತ್ತು. ಕಾರಖಾನೆಯಿಂದ ಬಂದದ್ದು ತಂದೆಯವರ ಕಾಲದಲ್ಲಿಯೇ ತುಕ್ಕು ತಿಂದು ಹೋಗಿತ್ತು. 85ರಿಂದ ಈಚೆಗೆ ತಾಯಿಯವರು ಒಲೆಯ ಮೇಲೆ ಹಂಚು ಇಟ್ಟದ್ದು ಬೈಲಹೊಂಗಲದ ಒಬ್ಬ ಉಸ್ತಾದರ ಕೈಕೆಲಸದ ಸದ್ದಿಗೆ. ಅದಕ್ಕೆ ಮುಂಚೆ ಬೇರೆ ಸದ್ದು ಇದ್ದಿರಬೇಕು. ಅದನ್ನೂ ನಾನು ಕೇಳಿದ್ದೇನೆ, ಆದರೆ ಎರಡೂ ನನ್ನ ನೆನಪಿನಲ್ಲಿ ಒಂದೇ ಆಗಿವೆ. ಮೂಲಪ್ರತಿಯೆಂದು ತಲೆಯ ಮೇಲೆ ಹೊತ್ತದ್ದು ಪ್ರತಿಯ ಪ್ರತಿಯೆಂದು ತಿಳಿದಾಗ ಸಂಪಾದಕನಿಗೆ ಆಗುವ ಮುಜುಗರವನ್ನು ಬಲ್ಲವರೇ ಬಲ್ಲರು.

'ಮತ್ತ ಹೆಂಗ ಮಾಡೂಣ್ರಿ? ಕಂಪನಿ ಹಂಗೋ, ಉಸ್ತಾದನ ಹಂಗೋ?' ಎಂದು ಅವರು ಕೇಳಿದರು. 'ಉಸ್ತಾದರ ಹಾಗೆಯೇ' ಎಂದೆ.

ಎರಡು ದಿನ ಅಲ್ಲಿಯೇ ಮರದ ಸ್ಟೂಲಿನ ಮೇಲೆ ಕುಳಿತು ನೋಡಿದೆ. ಕೊಳವೆಯನ್ನು ಬಗ್ಗಿಸುವ ಯಂತ್ರ ಅವರಲ್ಲಿಲ್ಲ. ಒಣಮರಳನ್ನು ಕೊಳವೆಯೊಳಗೆ ಕುಟ್ಟಿ ತುಂಬಿ, ಎರಡು ತುದಿಗೂ ಬೆಣೆ ಬಡಿದು, ಕೆಂಪಗೆ ಕಾಯಿಸಿ ಬಗ್ಗಿಸಿದರು. ಒಳಗೆ ಮರಳಿದ್ದರೆ ಬಾಗಿನಲ್ಲಿ ಕೊಳವೆ ಚಪ್ಪಟೆಯಾಗುವುದಿಲ್ಲ. ಅಚ್ಚಿನ ಮೇಲಿನ ಕಮಾನು ಹೀಗೆ ಬಂತು. ಇಂಜಿನ್ನು ತನ್ನ ಪೀಠದ ಮೇಲೆ ಸದಾ ತೂಗಾಡುತ್ತಿರುವುದರಿಂದ ಕೊಳವೆಯನ್ನು ಗಟ್ಟಿಯಾಗಿ ಬಿಗಿಯದೆ ರಬ್ಬರಿನ ಪಟ್ಟಿಗಳಿಂದ ತೂಗುಹಾಕಿದರು. ಇಲ್ಲವಾದರೆ ಬೆಸುಗೆಯಲ್ಲಿ ಬಿರುಕು ಬರುತ್ತದಂತೆ. ಕೊನೆಗೆ ಇಂಜಿನ್ನು ನಡೆಸಿ, ಹೊಗೆಯ ಬಾಯಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದರು. ಎಲ್ಲಿಯಾದರೂ ಸೋರಿಕೆಯಿದ್ದರೆ ಬುಸ್ಸೆನ್ನುತ್ತದೆ, ಇಲ್ಲದಿದ್ದರೆ ಇಂಜಿನ್ನು ಉಸಿರುಕಟ್ಟಿ ನಿಲ್ಲುತ್ತದೆ. ಇಂಜಿನ್ನು ನಿಂತಿತು. ಮಿಸ್ತ್ರಿಯವರು 'ಹಾಂ' ಎಂದರು.

ಕರಿಬಣ್ಣ ಬಳಿದು ಹಳೆಯದರಂತೆ ಕಾಣಿಸಲೇ ಎಂದು ಕೇಳಿದಾಗ ಬೇಡವೆಂದೆ. ಅಂಚಿನ ಮಡಿಕೆಯ ಮೇಲೆ ಅವರೂ ಉಳಿಯಿಂದ 24 ಎಂದು ಬಡಿದರು. ಮಗನ ಹೊಳೆಯುವ ಕೊಳವೆ ನಮ್ಮ ಅಟ್ಟದ ಮೇಲಿದೆ; ಮಾರಿಲ್ಲ, ಮಾರುವ ಮನಸ್ಸೂ ಇಲ್ಲ.

ಆ ಸಂಜೆ ಬೆಂಗಳೂರಿಗೆ ಫೋನು ಮಾಡಿ, ಇಂಜಿನ್ನು ಹಚ್ಚಿ, ಮೊಬೈಲನ್ನು ಕೊಳವೆಯ ಹತ್ತಿರ ಹಿಡಿದೆ. ಸ್ವಲ್ಪ ಹೊತ್ತು ಅತ್ತಲಿಂದ ಮಾತಿಲ್ಲ. ಆಮೇಲೆ ಮಗ ಹೇಳಿದ: 'ಅಪ್ಪಾ, ಏನೂ ಕೇಳಸವಲ್ದು.'