ಮನಸ್ಸಿನ ಕಾಯಿಲೆಯ ಮಾತ್ರೆ: ಶುರು ಮಾಡುವುದೂ ನಿಲ್ಲಿಸುವುದೂ ಡಾಕ್ಟರ ಮಾತಿನಂತೆ

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಫ್ಯಾಟು, ಡಿಗ್ರಿ, ಬೋನಸ್ಸಿನ ವಿಚಾರ ಬಿಟ್ಟು ಮನಸ್ಸಿನ ಕಾಯಿಲೆಯ ವಿಚಾರ ಯಾಕಪ್ಪಾ ಎತ್ತಿದರು ಅಂತ ತಾವು ಕೇಳಬಹುದು. ಕಾರಣ ಇದೆ. ಹಸುವಿಗೆ ಕೆಚ್ಚಲು ಬಾವು ಬಂದರೆ ಅರ್ಧ ರಾತ್ರಿಯಲ್ಲಾದರೂ ಡಾಕ್ಟರಿಗೆ ಫೋನು ಹೋಗುತ್ತದೆ. ಅದೇ ಮನೆಯ ಮನುಷ್ಯ ತಿಂಗಳುಗಟ್ಟಲೆ ಸರಿಯಾಗಿ ಉಣ್ಣದೆ, ನಿದ್ದೆ ಮಾಡದೆ ಮೂಲೆ ಹಿಡಿದು ಕೂತರೆ "ಸೋಮಾರಿ" ಅನ್ನುವವರು ಕೆಲವರು, "ಗಾಳಿ ಸೋಕಿದೆ" ಅಂತ ತಾಯತ ಕಟ್ಟಿಸುವವರು ಕೆಲವರು. ಆಸ್ಪತ್ರೆ ನೆನಪಾಗುವುದು ಕೊನೆಗೆ.

ನಾವು ಡಾಕ್ಟರಲ್ಲ, ಓದಿರುವುದು ಎಸ್.ಎಸ್.ಎಲ್.ಸಿ. ಆದರೆ ನಮ್ಮ ಮನೆಯವರೊಬ್ಬರನ್ನು ಎರಡು ವರ್ಷ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಓಡಾಡಿದ್ದೇವೆ. ಅಲ್ಲಿಯ ಡಾಕ್ಟರು ಸಮಾಧಾನವಾಗಿ ಹೇಳಿಕೊಟ್ಟದ್ದನ್ನು ತಮ್ಮ ಮುಂದೆ ಇಡುತ್ತಿದ್ದೇವೆ.

ಮೊದಲು ಕಾಯಿಲೆಯ ಗುರುತು. ಎರಡು ವಾರಕ್ಕೂ ಹೆಚ್ಚು ಕಾಲ ದಿನವೆಲ್ಲಾ ಬೇಸರ, ಯಾವ ಕೆಲಸದಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಕೆಡುವುದು, ಸುಸ್ತು, "ನಾನು ಯಾತಕ್ಕೂ ಬಾರದವನು" ಅನ್ನುವ ಯೋಚನೆ, ಸಾಯುವ ಮಾತು: ಇದು ಖಿನ್ನತೆ. ಕಾರಣವಿಲ್ಲದೆ ಎದೆ ಡವಡವ, ಕೈ ನಡುಕ, ಏನೋ ಕೆಟ್ಟದ್ದು ಆಗಿಬಿಡುತ್ತದೆ ಅನ್ನುವ ಭಯ ದಿನವೂ ಕಾಡಿದರೆ ಅದು ಆತಂಕದ ಕಾಯಿಲೆ. ಎಷ್ಟೋ ಸಲ ಇವೆರಡೂ ಜೊತೆಗೇ ಇರುತ್ತವೆ. ನಮ್ಮ ಕಡೆ ಜನ ಮನಸ್ಸಿನ ಮಾತು ಹೇಳುವುದಿಲ್ಲ. ತಲೆನೋವು, ಮೈಕೈ ನೋವು, ಎದೆ ಭಾರ ಅಂತಲೇ ಹೇಳುತ್ತಾರೆ.

ನಿಮ್ಹಾನ್ಸ್‌ನವರು ಮುಂದೆ ನಿಂತು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ಸಮೀಕ್ಷೆ ಮಾಡಿದರು. ದೊಡ್ಡವರಲ್ಲಿ ಸುಮಾರು 20 ಜನಕ್ಕೆ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ ಎಂದು ಕಂಡುಬಂತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ನಮ್ಮ ಸಂಘದ ಸದಸ್ಯರ ಸಂಖ್ಯೆ ತಮಗೆ ಗೊತ್ತು, ಲೆಕ್ಕ ತಾವೇ ಹಾಕಿಕೊಳ್ಳಿ.

ಎಲ್ಲರಿಗೂ ಮಾತ್ರೆ ಬೇಕಿಲ್ಲ. ಕಾಯಿಲೆ ಹಗುರವಾಗಿದ್ದರೆ ಆಪ್ತ ಸಲಹೆ, ಮನೆಯವರ ಆಸರೆ, ನಡಿಗೆ, ನಿದ್ದೆಯ ಕ್ರಮ ಸಾಕಾಗಬಹುದು. ಜೋರಾಗಿದ್ದರೆ ಮಾತ್ರೆ ಬೇಕು. ಫ್ಲುಯೊಕ್ಸೆಟಿನ್, ಸರ್ಟ್ರಲಿನ್, ಎಸಿಟಲೋಪ್ರಾಮ್, ಅಮಿಟ್ರಿಪ್ಟಿಲಿನ್ ಇವು ಸಾಮಾನ್ಯವಾಗಿ ಕೊಡುವ ಮಾತ್ರೆಗಳು. ಯಾರಿಗೆ ಯಾವುದು, ಎಷ್ಟು ಅನ್ನುವುದನ್ನು ಡಾಕ್ಟರೇ ತೀರ್ಮಾನಿಸಬೇಕು. ಪಕ್ಕದ ಮನೆಯವರಿಗೆ ಹಿಡಿಸಿತು ಅಂತ ಅವರ ಚೀಟಿ ತಂದು ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ಕೊಳ್ಳಬಾರದು.

ಡಾಕ್ಟರ ಮುಂದೆ ಏನನ್ನೂ ಮುಚ್ಚಿಡಬೇಡಿ. ಬಿ.ಪಿ., ಸಕ್ಕರೆ, ಹೃದಯದ ತೊಂದರೆ, ಫಿಟ್ಸು ಇದ್ದರೆ ಹೇಳಿ. ಬೇರೆ ಯಾವ ಮಾತ್ರೆ, ನಾಟಿ ಔಷಧಿ ತಗೋತೀರಿ ಹೇಳಿ. ಕುಡಿಯುವ ಅಭ್ಯಾಸವಿದ್ದರೆ ನಾಚಿಕೆ ಬಿಟ್ಟು ಹೇಳಿ. ಹಿಂದೆ ಯಾವಾಗಲಾದರೂ ನಿದ್ದೆಯೇ ಇಲ್ಲದೆ ವಿಪರೀತ ಹುರುಪು, ಮಾತು, ದುಂದುಖರ್ಚು ಕಂಡಿದ್ದರೆ ಅದನ್ನೂ ಹೇಳಿ. ಅದು ಬೇರೆ ಬಗೆಯ ಕಾಯಿಲೆ, ಔಷಧಿಯೂ ಬೇರೆ. ಬಸುರಿ ಬಾಣಂತಿಯರು ತಾವಾಗಿ ಶುರು ಮಾಡುವುದೂ ಬೇಡ, ತಾವಾಗಿ ನಿಲ್ಲಿಸುವುದೂ ಬೇಡ.

ಈಗ ಮುಖ್ಯವಾದ ಮಾತಿಗೆ ಬರುತ್ತೇವೆ. ತಲೆನೋವಿನ ಮಾತ್ರೆಯ ಹಾಗೆ ಇದು ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ಗುಣ ಕಾಣಲು 2ರಿಂದ 4 ವಾರ ಬೇಕು, ಪೂರ್ತಿ ಗುಣ ಕಾಣಲು ಇನ್ನೂ ಹೆಚ್ಚು ದಿನ ಹಿಡಿಯಬಹುದು. ಆದರೆ ಅಡ್ಡ ಪರಿಣಾಮ ಮೊದಲೇ ಬರುತ್ತದೆ: ವಾಕರಿಕೆ, ತಲೆನೋವು, ಭೇದಿ, ನಿದ್ದೆಯ ಏರುಪೇರು, ಸ್ವಲ್ಪ ಚಡಪಡಿಕೆ. ಅಮಿಟ್ರಿಪ್ಟಿಲಿನ್‌ನಿಂದ ಬಾಯಿ ಒಣಗುವುದು, ಮಲಬದ್ಧತೆ, ಮಂಪರು. ಗುಣ ಕಾಣುವ ಮೊದಲು ತೊಂದರೆ ಕಂಡು ಎಷ್ಟೋ ಜನ ವಾರದೊಳಗೆ ಬಿಟ್ಟುಬಿಡುತ್ತಾರೆ. ಇವು ಬಹಳ ಮಂದಿಗೆ ಒಂದೆರಡು ವಾರದಲ್ಲಿ ಕಡಿಮೆಯಾಗುತ್ತವೆ. ತಡೆಯಲಾಗದಿದ್ದರೆ ಡಾಕ್ಟರು ಪ್ರಮಾಣ ತಗ್ಗಿಸುತ್ತಾರೆ, ಇಲ್ಲವೇ ಮಾತ್ರೆ ಬದಲಾಯಿಸುತ್ತಾರೆ. ದಾಂಪತ್ಯದಲ್ಲಿ ಆಸಕ್ತಿ ಕುಗ್ಗುವುದೂ ಉಂಟು. ಸಂಕೋಚದಿಂದ ಅದನ್ನು ಹೇಳದೆ ಮಾತ್ರೆ ಬಿಡುವವರಿದ್ದಾರೆ. ಅದಕ್ಕೂ ದಾರಿ ಇದೆ, ಕೇಳಬೇಕು ಅಷ್ಟೆ.

ಎರಡನೆಯ ಅಪಾಯದ ಗಳಿಗೆ ಯಾವುದೆಂದರೆ, ಪೂರ್ತಿ ಹುಷಾರಾದ ಗಳಿಗೆ. "ಈಗ ಚೆನ್ನಾಗಿದ್ದೀನಲ್ಲ, ಇನ್ನು ಯಾಕೆ" ಅಂತ ನಿಲ್ಲಿಸುವುದು. ಕೆಚ್ಚಲು ಬಾವಿಗೆ ಡಾಕ್ಟರು ಹೇಳಿದಷ್ಟು ದಿನ ಔಷಧಿ ಹಾಕದೆ ಮಧ್ಯದಲ್ಲಿ ಬಿಟ್ಟರೆ ಏನಾಗುತ್ತದೆ ಅಂತ ಹಸು ಕಟ್ಟಿದವರಿಗೆ ಹೇಳಬೇಕಿಲ್ಲ. ಹುಷಾರಾದ ಮೇಲೂ ಕನಿಷ್ಠ 6 ತಿಂಗಳು ಮಾತ್ರೆ ಮುಂದುವರಿಸಬೇಕು. ಕಾಯಿಲೆ ಮತ್ತೆ ಮತ್ತೆ ಬಂದವರಿಗೆ ಇನ್ನೂ ಹೆಚ್ಚು ಕಾಲ ಬೇಕು. ನಿಲ್ಲಿಸುವಾಗಲೂ ಡಾಕ್ಟರು ವಾರಗಟ್ಟಲೆ ಹಂತಹಂತವಾಗಿ ಇಳಿಸುತ್ತಾರೆ. ಒಮ್ಮೆಗೇ ಬಿಟ್ಟರೆ ತಲೆಸುತ್ತು, ಸಿಡಿಮಿಡಿ, ನಿದ್ದೆಗೇಡು, ತಲೆಯೊಳಗೆ ಕರೆಂಟು ಹೊಡೆದ ಹಾಗೆ ಅನುಭವ ಆಗಬಹುದು. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ, ಮಾಮೂಲಿನಂತೆ ಒಂದೇ ತಗೊಳ್ಳಿ.

"ಇದು ಚಟ ಹಿಡಿಸುತ್ತದಂತೆ" ಅನ್ನುವ ಮಾತು ಊರಲ್ಲಿದೆ. ಮೇಲೆ ಹೇಳಿದ ಮಾತ್ರೆಗಳು ಹೆಂಡದ ಹಾಗೆ ಚಟ ಹಿಡಿಸುವಂಥವಲ್ಲ. ಆಲ್ಪ್ರಜೋಲಮ್‌ನಂಥ ನಿದ್ದೆ ಬರಿಸುವ, ಭಯ ತಗ್ಗಿಸುವ ಮಾತ್ರೆ ಬೇರೆ. ಅದು ಅಭ್ಯಾಸವಾಗಿಬಿಡುತ್ತದೆ; ಸ್ವಲ್ಪ ದಿನಕ್ಕೆ ಮಾತ್ರ ಅಂತ ಕೊಡುತ್ತಾರೆ. ಹಳೆ ಚೀಟಿ ತೋರಿಸಿ ವರ್ಷಗಟ್ಟಲೆ ಕೊಳ್ಳಬಾರದು. ಅಭ್ಯಾಸವಾದವರು ಒಮ್ಮೆಗೇ ಬಿಡುವುದೂ ಅಪಾಯ, ಡಾಕ್ಟರ ಹತ್ತಿರ ಹೋಗಿಯೇ ಬಿಡಬೇಕು.

ಜಾಗ್ರತೆ ವಹಿಸಬೇಕಾದ ಇನ್ನೂ ಕೆಲವು ವಿಷಯಗಳಿವೆ. ಮಾತ್ರೆಯ ಜೊತೆ ಮದ್ಯ ಬೇಡ. ಮಂಪರು ಇರುವಾಗ ಟ್ರ್ಯಾಕ್ಟರು, ಬೈಕು, ಮೇವು ಕತ್ತರಿಸುವ ಯಂತ್ರ ಮುಟ್ಟಬೇಡಿ. ಸೊಂಟನೋವಿಗೆ ಡೈಕ್ಲೊಫೆನಾಕ್, ಟ್ರಮಡಾಲ್ ಅಂತ ಕೇಳದೆ ನುಂಗಬೇಡಿ. ಒಂದರಿಂದ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು, ಇನ್ನೊಂದು ಈ ಮಾತ್ರೆಗಳ ಜೊತೆ ಸೇರಿದರೆ ವಿಷಮಿಸಬಹುದು. ಮಾತ್ರೆ ತಗೊಳ್ಳುವವರಿಗೆ ಜ್ವರ, ವಿಪರೀತ ನಡುಕ, ಮೈ ಬಿಗಿತ, ಗೊಂದಲ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ವಯಸ್ಸಾದವರು ಎದ್ದಾಗ ತಲೆಸುತ್ತಿ ಬೀಳಬಹುದು, ಗಮನವಿರಲಿ.

25 ವರ್ಷದೊಳಗಿನವರಲ್ಲಿ ಶುರುವಿನ ವಾರಗಳಲ್ಲಿ ಮತ್ತು ಪ್ರಮಾಣ ಬದಲಾದಾಗ ಕೆಲವರಿಗೆ ಸಾಯುವ ಯೋಚನೆ ಹೆಚ್ಚಾಗುವುದುಂಟು. ಆ ದಿನಗಳಲ್ಲಿ ಮನೆಯವರು ಒಂಟಿಯಾಗಿ ಬಿಡಬಾರದು. ಮಾತ್ರೆಯ ಡಬ್ಬಿ ಮನೆಯ ಜವಾಬ್ದಾರಿಯವರೊಬ್ಬರ ಕೈಯಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಇರಲಿ. ಅಮಿಟ್ರಿಪ್ಟಿಲಿನ್ ಒಟ್ಟಿಗೆ ನುಂಗಿದರೆ ಜೀವಕ್ಕೇ ಅಪಾಯ. ಇನ್ನೊಂದು ಮಾತು, ಕೈ ಮುಗಿದು ಕೇಳುತ್ತೇವೆ: ಬೆಳೆಗೆ ಹೊಡೆಯುವ ವಿಷದ ಬಾಟಲಿ ಅಟ್ಟದ ಮೇಲೆ, ಮಂಚದ ಕೆಳಗೆ ಬೇಡ. ಬೇಕಾದಷ್ಟೇ ತನ್ನಿ, ಉಳಿದದ್ದನ್ನು ಬೀಗದೊಳಗಿಡಿ. ಕೆಟ್ಟ ಯೋಚನೆಯ ಗಳಿಗೆ ದಾಟಿ ಹೋಗುವಂಥದ್ದು. ಆ ಗಳಿಗೆಯಲ್ಲಿ ವಿಷ ಕೈಗೆ ಸಿಗದಿದ್ದರೆ ಒಂದು ಜೀವ ಉಳಿಯಬಹುದು.

ಎಲ್ಲಿಗೆ ಹೋಗಬೇಕು? ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಾಧ್ಯ ಅಂತ ತೋರಿಸಿದರು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಆದ್ದರಿಂದ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ, ಆಮೇಲೆ ತಾಲ್ಲೂಕು, ಜಿಲ್ಲಾ ಆಸ್ಪತ್ರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಅಕ್ಟೋಬರ್ 2022ರಿಂದ ಟೆಲಿ ಮನಸ್ ಸಹಾಯವಾಣಿ ನಡೆಯುತ್ತಿದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆತ್ಮಹತ್ಯೆಗೆ ಪ್ರಯತ್ನಿಸಿ ಉಳಿದವರನ್ನು ಪೊಲೀಸು, ಕೇಸು ಅಂತ ಹೆದರಿ ಮನೆಯಲ್ಲಿ ಬಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರಿಗೆ ಶಿಕ್ಷೆ ಬೇಡ, ಚಿಕಿತ್ಸೆ ಆರೈಕೆ ಬೇಕು ಅನ್ನುತ್ತದೆ.

ಕೊನೆಯದಾಗಿ ಸಂಘದ ಮಾತು. ಬೆಳಿಗ್ಗೆ ಸಂಜೆ ಡೈರಿಯ ಮುಂದೆ ನಾವೆಲ್ಲ ಒಬ್ಬರನ್ನೊಬ್ಬರು ನೋಡುತ್ತೇವೆ. ದಿನಾ ಕ್ಯಾನು ಹಿಡಿದು ಬರುತ್ತಿದ್ದವರು ವಾರದಿಂದ ಬರಲಿಲ್ಲವೆಂದರೆ ಹಸುವಿಗೇನಾಯಿತು ಅಂತ ಕೇಳುವುದರ ಜೊತೆಗೆ ಅವರಿಗೇನಾಯಿತು ಅಂತಲೂ ಹೋಗಿ ಕೇಳೋಣ. ಆಸ್ಪತ್ರೆಗೆ ಹೋಗಲು ಜೊತೆ ಬೇಕಾದರೆ ನಮ್ಮಲ್ಲೊಬ್ಬರು ಹೋಗೋಣ. ಮಾತ್ರೆ ತಗೊಳ್ಳುವವರನ್ನು "ಹುಚ್ಚಿನ ಮಾತ್ರೆ" ಅಂತ ಆಡಿಕೊಳ್ಳುವುದು ಇವತ್ತಿಗೇ ನಿಲ್ಲಲಿ. ಆ ಒಂದು ಮಾತಿಗೆ ಅಂಜಿ ಮಾತ್ರೆ ಬಿಟ್ಟವರ ಕಷ್ಟ ನಾವು ಕಣ್ಣಾರೆ ಕಂಡಿದ್ದೇವೆ. ಒಬ್ಬರಿಗಾಗಿ ಎಲ್ಲರೂ, ಎಲ್ಲರಿಗಾಗಿ ಒಬ್ಬರು ಅನ್ನುವುದು ಸಹಕಾರದ ತತ್ವ. ಅದು ಹಾಲಿಗೆ ಮಾತ್ರ ಅಲ್ಲ, ಮನಸ್ಸಿಗೂ ಅನ್ವಯಿಸಲಿ.