ಬಾಯಿಮಾತಿನ ಪಗಾರ

ದುಡಿತಕ್ಕೆ ಪ್ರತಿಯಾಗಿ ಕೊಡುವ ಹಣಕ್ಕೆ ನಮ್ಮಲ್ಲಿ ಮೂರು ಹೆಸರುಗಳು ಬಳಕೆಯಲ್ಲಿವೆ. ಕೂಲಿ ಎಂಬುದು ದ್ರಾವಿಡ ಶಬ್ದ. ಸಂಬಳ ಎಂಬುದು ಸಂಸ್ಕೃತದ ಶಂಬಲದಿಂದ ಬಂದದ್ದು. ದಾರಿಯ ಬುತ್ತಿ ಎಂದು ಅದರ ಮೂಲಾರ್ಥ. ಇನ್ನು ನಮ್ಮ ಧಾರವಾಡ ಸೀಮೆಯಲ್ಲಿ ಎಲ್ಲರ ಬಾಯಲ್ಲಿರುವ ಪಗಾರವು ಪೋರ್ಚುಗೀಸರೊಡನೆ ಬಂದು, ಮರಾಠಿಯನ್ನು ಹಾಯ್ದು ನಮ್ಮ ಮನೆ ಸೇರಿತು. ಹೆಸರು ಯಾವುದಾದರೂ ಆಗಲಿ, ನಮ್ಮ ಸಣ್ಣ ಅಂಗಡಿ ಗಿರಣಿಗಳಲ್ಲಿ ಇದು ಗೊತ್ತಾಗುವುದು ಬಹುಮಟ್ಟಿಗೆ ಬಾಯಿಮಾತಿನಿಂದಲೇ. ಈ ಬಾಯಿಮಾತನ್ನು ಕಾಗದಕ್ಕೆ ಇಳಿಸಿರೆಂದು ಕಾಯಿದೆಯು ಈಗ ಮಾಲಕರಿಗೆ ಹೇಳುತ್ತಿದೆ. ಅದೇ ಇಂದಿನ ಮಾತಿನ ವಿಷಯ.

ನಮ್ಮ ಸುಳ್ಳದಿಂದ ಹುಬ್ಬಳ್ಳಿಗೆ ದುಡಿಯಲು ಹೋಗಿಬರುವವರಿದ್ದಾರೆ. ಊರ ಹೆಸರು ಸುಳ್ಳವಾದರೂ ಮಾತು ಸುಳ್ಳಲ್ಲ! ಒಬ್ಬ ಅಡತಿ ಅಂಗಡಿಗೆ, ಒಬ್ಬ ಖಾನಾವಳಿಗೆ, ಮತ್ತೊಬ್ಬಳು ಜವಳಿ ಅಂಗಡಿಗೆ. ಇವರಲ್ಲಿ ಯಾರಾದರೂ ನೇಮಕದ ಪತ್ರ ಕೇಳಿದರೆ ಸಂಭಾಷಣೆ ಹೀಗೆ ನಡೆದೀತು:

“ಅಲ್ಲೋ ತಮ್ಮಾ, ನಮ್ಮ ಮ್ಯಾಲ ನಂಬಿಗಿ ಇಲ್ಲೇನು? ಕಾಗದ ಯಾಕ ಬೇಕು?”

“ನಿಮ್ಮ ಮ್ಯಾಲ ನಂಬಿಗಿ ಐತ್ರೀ ಸಾವಕಾರ್ರ. ನಾಳೆ ಗಾದಿ ಮ್ಯಾಲ ಕೂಡೋರು ಯಾರೋ ಏನೋ!”

ಈ ಉತ್ತರದಲ್ಲಿ ಅವಿನಯವಿಲ್ಲ, ಲೋಕಾನುಭವವಿದೆ. ಹತ್ತು ಹನ್ನೆರಡು ಜನ ದುಡಿಯುವ ಒಂದು ಅಂಗಡಿಯನ್ನು ಭಾವಿಸಿರಿ. ಅಲ್ಲೊಬ್ಬ ದಿವಾನಜಿ ಹನ್ನೆರಡು ವರ್ಷ ಲೆಕ್ಕ ಬರೆದಿದ್ದಾನೆ. ಹಿರಿಯ ಸಾವಕಾರರು ತೀರಿಕೊಂಡರು, ಗಾದಿಗೆ ಬಂದ ಮಗ, “ನೀನು ಬಂದು ನಾಲ್ಕೇ ವರ್ಷವಲ್ಲವೇ?” ಎಂದ. ಲೆಕ್ಕಕ್ಕೆ ಬರುವ ಪಗಾರ ತಿಂಗಳಿಗೆ 20,800 ರೂಪಾಯಿ ಎಂದಿಟ್ಟುಕೊಂಡರೆ, ವರ್ಷಕ್ಕೆ ಹದಿನೈದು ದಿನದ ಪಗಾರದಂತೆ 12,000 ರೂಪಾಯಿ ಉಪದಾನ, ಅಂದರೆ ಗ್ರಾಚುಯಿಟಿ. ಹನ್ನೆರಡು ವರ್ಷಕ್ಕೆ 1,44,000. ನಾಲ್ಕೇ ವರ್ಷವೆಂದಾದರೆ? ಸಾಮಾನ್ಯ ನೌಕರನಿಗೆ ಐದು ವರ್ಷ ತುಂಬದೆ ಉಪದಾನವೇ ಇಲ್ಲ. ಒಂದು ತುಂಡು ಕಾಗದ ಇಲ್ಲದ್ದರಿಂದ ಒಂದು ಮನೆತನದ ಮುಪ್ಪಿನ ಬುತ್ತಿಯೇ ಹೋಯಿತು.

ಇನ್ನು ಕಾಯಿದೆಯ ಮಾತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಇಪ್ಪತ್ತೊಂಬತ್ತು ಹಳೆಯ ಕಾಯಿದೆಗಳ ಸ್ಥಾನವನ್ನು ಪಡೆದವು. 1936ರ ವೇತನ ಪಾವತಿ ಕಾಯಿದೆ, 1948ರ ಕನಿಷ್ಠ ವೇತನ ಕಾಯಿದೆ ಮೊದಲಾದ ಹಿರಿಯರು ಹೀಗೆ ನಿವೃತ್ತರಾದರು. ಆದರೆ ಅಂಗಡಿಗಳಿಗೆ ಸಂಬಂಧಿಸಿದ ನಮ್ಮ ರಾಜ್ಯದ 1961ರ ಕಾಯಿದೆಯನ್ನು ಈ ಸಂಹಿತೆಗಳು ತೆಗೆದುಹಾಕಿಲ್ಲ. ಹೊಸತು ಬಂದಿತೆಂದು ವಾರದ ರಜೆಯನ್ನು ಮರೆಯುವಂತಿಲ್ಲ!

ಮಾಲಕರು ನೆನಪಿಡಬೇಕಾದವು ಮುಖ್ಯವಾಗಿ ಇವು. ಹತ್ತು ಮತ್ತು ಹೆಚ್ಚು ಕೆಲಸಗಾರರಿರುವಲ್ಲಿ ಪ್ರತಿಯೊಬ್ಬರಿಗೂ ನೇಮಕದ ಪತ್ರ ಕೊಡಬೇಕು. ಹಳೆಯ ಕೆಲಸಗಾರರಿಗೂ ಇದು ಸಲ್ಲುತ್ತದೆ. ತಿಂಗಳ ಪಗಾರವನ್ನು ಮುಂದಿನ ತಿಂಗಳ ಏಳನೆಯ ತಾರೀಖಿನೊಳಗೆ ಕೊಡಬೇಕು. ದಿನಗೂಲಿಯನ್ನು ಆ ದಿನದ ಕೆಲಸ ಮುಗಿದಾಗಲೇ ಕೊಡಬೇಕು. ಕೆಲಸ ಬಿಟ್ಟವನ, ಬಿಡಿಸಲ್ಪಟ್ಟವನ ಪಗಾರದ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. ಹೆಚ್ಚುವರಿ ದುಡಿತಕ್ಕೆ ಇಮ್ಮಡಿ ದರ. ಒಂದೇ ಬಗೆಯ ಕೆಲಸಕ್ಕೆ ಹೆಣ್ಣಿಗೊಂದು, ಗಂಡಿಗೊಂದು ಪಗಾರ ಸಲ್ಲದು.

ಇನ್ನೊಂದು ಸೂಕ್ಷ್ಮವಿದೆ. ಕೆಲವರು ಪಗಾರವನ್ನು ಚಿಕ್ಕದಾಗಿ ಬರೆದು, ಮನೆಬಾಡಿಗೆ, ಪ್ರಯಾಣ ಮೊದಲಾದ ಭತ್ಯೆಗಳನ್ನು ದೊಡ್ಡದಾಗಿ ಬರೆಯುವುದುಂಟು. ಭವಿಷ್ಯನಿಧಿಗೂ ಉಪದಾನಕ್ಕೂ ಕಡಿಮೆ ಬೀಳಲೆಂಬ ಜಾಣತನ ಅದು. ಈಗ ನೂರು ರೂಪಾಯಿಯಲ್ಲಿ ಮೂವತ್ತನ್ನು ಪಗಾರ, ಎಪ್ಪತ್ತನ್ನು ಇಂಥ ಭತ್ಯೆ ಎಂದು ಬರೆದರೆ, ಕಾಯಿದೆಯು ಐವತ್ತನ್ನು ಪಗಾರವೆಂದೇ ಎಣಿಸುತ್ತದೆ. ಶಬ್ದಾರ್ಥವನ್ನು ಹಿಂಜಿ ದುಡಿಯುವವನ ಪಾಲನ್ನು ಕರಗಿಸುವ ವಿದ್ಯೆಗೆ ಇದರಿಂದ ಮಿತಿ ಬಿದ್ದಿತು.

“ಇದೆಲ್ಲ ದೊಡ್ಡ ಕಾರಖಾನೆಯವರಿಗೆ ಸರಿ. ನಾವು ಸಣ್ಣವರು, ಬರೆಯುತ್ತ ಕೂತರೆ ವ್ಯಾಪಾರ ಮಾಡುವವರಾರು?” ಎಂದು ಮಾಲಕರು ಕೇಳಬಹುದು. ಪ್ರಶ್ನೆ ತಳ್ಳಿಹಾಕುವಂಥದಲ್ಲ. ಹೊಸ ನಿಯಮಗಳು ಬಂದಾಗಲೆಲ್ಲ ದೊಡ್ಡವರು ವಕೀಲರನ್ನು ಇಟ್ಟುಕೊಳ್ಳುತ್ತಾರೆ. ಸಣ್ಣವರಿಗೆ ತಮ್ಮ ಎರಡು ಕೈಯೇ ಗತಿ. ಆದರೆ ಸಣ್ಣವರೇ ಹೆಚ್ಚು ಗಮನಿಸಬೇಕಾದ ಮಾತೊಂದು ವೇತನ ಸಂಹಿತೆಯಲ್ಲಿದೆ. ಪಗಾರ ಬರಲಿಲ್ಲ, ಇಲ್ಲವೆ ಕಡಿಮೆ ಬಂದಿತು ಎಂದು ಕೆಲಸಗಾರ ದೂರು ಕೊಟ್ಟರೆ, ಕೊಟ್ಟಿದ್ದೇನೆಂದು ಸಿದ್ಧಮಾಡುವ ಹೊಣೆ ಮಾಲಕನ ಮೇಲಿದೆ. ಪ್ರಾಮಾಣಿಕನಾಗಿ ಕೊಟ್ಟು ಬರೆಯದೆ ಬಿಟ್ಟವನ ಪಾಡೇನು? ಅವನು ಕೊಡದವನ ಸಾಲಿನಲ್ಲೇ ನಿಲ್ಲಬೇಕಾದೀತು. ಕಡಿಮೆ ಕೊಟ್ಟದ್ದು ರುಜುವಾತಾದರೆ ದಂಡ 50,000 ರೂಪಾಯಿಯವರೆಗೆ. ಐದು ವರ್ಷದೊಳಗೆ ಮತ್ತೆ ಅದೇ ತಪ್ಪಾದರೆ ಸೆರೆಮನೆಯೂ ಸಾಧ್ಯ. ಹಾಗೆಂದು ಹೆದರಬೇಕಾಗಿಲ್ಲ. ಕಡಿಮೆ ಕೊಟ್ಟದ್ದನ್ನು ಬಿಟ್ಟು ಬೇರೆ ಬಗೆಯ ಮೊದಲ ತಪ್ಪಾಗಿದ್ದರೆ, ಮೊಕದ್ದಮೆ ಹೂಡುವ ಮುನ್ನ ತಿದ್ದಿಕೊಳ್ಳಲು ಅಧಿಕಾರಿಗಳು ಅವಕಾಶ ಕೊಡಬೇಕೆಂದೂ ಅದೇ ಸಂಹಿತೆ ವಿಧಿಸಿದೆ.

ಹೀಗೆ ನೋಡಿದರೆ ಕಾಗದವು ಕೆಲಸಗಾರನಿಗೆ ಆಧಾರ, ಮಾಲಕನಿಗೆ ರಕ್ಷೆ. ಅದಕ್ಕೆ ಬೇಕಾದದ್ದು ಬಹಳವಲ್ಲ. ಕೆಲಸಕ್ಕೆ ಸೇರಿದ ತಾರೀಖು, ಕೆಲಸದ ಹೆಸರು, ಪಗಾರ ಇವುಗಳನ್ನು ಬರೆದ ನೇಮಕದ ಪತ್ರ. ಹಾಜರಿ ಮತ್ತು ಪಗಾರದ ದಾಖಲೆ. ತಿಂಗಳಿಗೊಂದು ಪಗಾರದ ಚೀಟಿ. ಪತ್ರವನ್ನು ಕನ್ನಡದಲ್ಲಿಯೇ, ಕೆಲಸಗಾರನಿಗೆ ತಿಳಿಯುವಂತೆ ಬರೆದರೆ ಲೇಸು. ಓದಲು ಬಾರದವನಿಗೆ ಓದಿ ಹೇಳುವುದು ಧರ್ಮ. ಹತ್ತಕ್ಕಿಂತ ಕಡಿಮೆ ಜನರಿರುವವರೂ ಪತ್ರ ಕೊಟ್ಟರೆ ನಷ್ಟವೇನಿಲ್ಲ. ದರಗಳೂ ನಿಯಮಗಳೂ ಕಾಲಕಾಲಕ್ಕೆ ಬದಲಾಗುವುದರಿಂದ, ವರ್ಷಕ್ಕೊಮ್ಮೆಯಾದರೂ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಜಾಣತನ.

ಕಾಯಕಕ್ಕೆ ಕೈಲಾಸದ ಪದವಿ ಕೊಟ್ಟ ನಾಡು ನಮ್ಮದು. ಕಾಯಕ ಮಾಡಿದವನ ಹೆಸರನ್ನು ಒಂದು ಹಾಳೆಯಲ್ಲಿ ಬರೆಯಲು ನಾವು ಹಿಂಜರಿಯಬಾರದು. ದೀಪಾವಳಿಯಲ್ಲಿ ನಮ್ಮ ವ್ಯಾಪಾರಸ್ಥರು ಖಾತೆಯ ಪುಸ್ತಕಕ್ಕೆ ಅರಿಸಿನ ಕುಂಕುಮ ಏರಿಸಿ ಪೂಜಿಸುತ್ತಾರೆ. ಆ ಸಾಲಿನಲ್ಲಿ ಇನ್ನು ಮುಂದೆ ದುಡಿಯುವವರ ಪಗಾರದ ಪುಸ್ತಕವೂ ಒಂದಿರಲಿ. ಲಕ್ಷ್ಮಿಯನ್ನು ಅಂಗಡಿಗೆ ಹೊತ್ತು ತರುವವರು ಅವರೇ ಅಲ್ಲವೇ?