ಬಂದ ಸಂದೇಶಗಳ ವಿಂಗಡಣೆ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಬೇಗಂ ಬಜಾರಿನ ಅಂಗಡಿಗಳಲ್ಲಿ ಗೋಡಂಬಿಯನ್ನು ಡಬ್ಲ್ಯು 240, ಡಬ್ಲ್ಯು 320 ಎಂದು ಕರೆಯುವುದನ್ನು ತಾವೆಲ್ಲ ಕೇಳಿದ್ದೀರಿ. ಒಂದು ಪೌಂಡಿಗೆ ಸುಮಾರು ಎಷ್ಟು ಬೀಜ ತೂಗುವುವೋ ಅದೇ ಆ ಅಂಕೆ. ವಿಂಗಡಿಸದ ಮಾಲಿಗೆ ಸರಿಯಾದ ಬೆಲೆಯಿಲ್ಲ. ಬ್ಯಾಂಕಿನಲ್ಲಿಯೂ ಟಪಾಲು ಬಂದೊಡನೆ ನಾವು ಮಾಡುವ ಮೊದಲ ಕೆಲಸ ವಿಂಗಡಣೆಯೇ. ಆದರೆ ಇಲ್ಲಿಯ ಕನ್ನಡ ಕುಟುಂಬಗಳ ಟೆಲಿಗ್ರಾಂ ಬಳಗದಲ್ಲಿ ಎಲ್ಲವೂ ಒಂದೇ ಗೋಣಿಗೆ ಬೀಳುತ್ತಿದ್ದುವು: ಶುಭೋದಯದ ಹೂಗಳು, ಬೀದರಿಗೆ ಹೊರಟ ಕಾರಿನಲ್ಲಿ ಖಾಲಿ ಸೀಟು, 'ಇಂದೇ ಕೆವೈಸಿ ಮಾಡಿಸಿ' ಎಂಬ ಮೋಸದ ಕರೆ, ಊರಿನಿಂದ ಬಂದು ಆಸ್ಪತ್ರೆ ಸೇರಿದವರಿಗೆ ರಕ್ತ ಬೇಕೆಂಬ ಮೊರೆ. ಈ ಕೊನೆಯದು ಹೂಗಳ ಕೆಳಗೆ ಹೂತುಹೋಗಬಾರದೆಂದು ನಾವು ಕೆಲವರು ಸೇರಿ ಒಂದು ಬಾಟನ್ನು, ಅಂದರೆ ಯಂತ್ರದ ಗುಮಾಸ್ತನನ್ನು, ನೇಮಿಸಿದೆವು. ಸಂಬಳವಿಲ್ಲ, ಯೂನಿಯನ್ನೂ ಇಲ್ಲ.

ಟೆಲಿಗ್ರಾಂ ಇಂತಹ ಬಾಟುಗಳಿಗೆ ಬಾಗಿಲು ತೆರೆದದ್ದು 2015ರಲ್ಲಿ. ಅವನ್ನು ಪೈಥಾನ್ ಭಾಷೆಯಲ್ಲಿ ಬರೆಯಲು 'ಪೈಥಾನ್-ಟೆಲಿಗ್ರಾಂ-ಬಾಟ್' ಎಂಬ ಲೈಬ್ರರಿ, ಎಂದರೆ ಸಿದ್ಧ ಸಲಕರಣೆಗಳ ಪೆಟ್ಟಿಗೆಯೊಂದುಂಟು. ಅದರಲ್ಲಿ ಸಂದೇಶವನ್ನು ಸ್ವೀಕರಿಸುವ ಮೇಜಿಗೆ ಹ್ಯಾಂಡ್ಲರ್ ಎಂದೂ, ಮೇಜಿನ ಮುಂದಿನ ಜರಡಿಗೆ ಫಿಲ್ಟರ್ ಎಂದೂ ಹೆಸರು. ಬರಹವೇ, ಚಿತ್ರವೇ, ಇಂತಹ ಪದವುಳ್ಳದ್ದೇ ಎಂದು ಜರಡಿ ನೋಡುತ್ತದೆ. ಒಂದು ಗುಂಪಿನ ಮೇಜುಗಳಲ್ಲಿ ಮೊದಲು ಒಪ್ಪಿದ್ದೇ ಸಂದೇಶವನ್ನು ತೆಗೆದುಕೊಳ್ಳುತ್ತದೆ. ಆ ಗುಂಪಿನ ಉಳಿದವನ್ನು ಕೇಳುವುದೂ ಇಲ್ಲ. 'ಯಾವುದೇ ಬರಹ' ಎಂಬ ಸಡಿಲ ಜರಡಿ ಮುಂದಿದ್ದರೆ ಹಿಂದಿನ ರಕ್ತದ ಮೇಜಿಗೆ ಒಂದು ಅಕ್ಷರವೂ ತಲುಪದು. ಆದುದರಿಂದ ರಕ್ತಕ್ಕೆ ಮೊದಲ ಸ್ಥಾನ. ಇನ್ನೊಂದು ಮಾತು: ಬಾಟನ್ನು ಬಳಗದ ಅಡ್ಮಿನ್ ಮಾಡಬೇಕು. ಇಲ್ಲವಾದರೆ ಮೊದಲಿನ ಏರ್ಪಾಡಿನಂತೆ ಅದಕ್ಕೆ ತನ್ನನ್ನು ಕುರಿತ ಮಾತುಗಳಷ್ಟೇ ಕೇಳಿಸುತ್ತವೆ.

ಇಷ್ಟು ಯಾವ ಭಾಷೆಗಾದರೂ ಒಂದೇ. ಸೋಜಿಗವಿರುವುದು ನಮ್ಮ ಕನ್ನಡದಲ್ಲಿ. ಪದದ ಎಲ್ಲೆಯನ್ನು ಗುರುತಿಸಲು ಪೈಥಾನಿನಲ್ಲಿ ಒಂದು ಚಿಹ್ನೆಯುಂಟು. ಅದರ ಲೆಕ್ಕದಲ್ಲಿ ವ್ಯಂಜನ ಅಕ್ಷರ ಹೌದು. ಗುಣಿತದ ಚಿಹ್ನೆಯಾಗಲಿ ಒತ್ತಕ್ಷರ ಕಟ್ಟುವ ಚಿಹ್ನೆಯಾಗಲಿ ಅಕ್ಷರವಲ್ಲ! ಮೋಸದ ಸಂದೇಶ ಹಿಡಿಯಲು 'ಹಣ' ಎಂಬ ಪದವನ್ನು ಆ ಎಲ್ಲೆಗಳ ನಡುವೆ ಕೊಟ್ಟರೆ ಅದು 'ಹಣ್ಣು' ಕಂಡರೂ ಹಿಡಿಯುತ್ತದೆ, 'ಹಣೆ' ಕಂಡರೂ ಹಿಡಿಯುತ್ತದೆ. ಬೇಗಂ ಬಜಾರಿನಲ್ಲಿ ಹಣ್ಣನ್ನು ಬಿಟ್ಟು ಮಾತನಾಡುವುದುಂಟೆ? ಇತ್ತ 'ರಕ್ತ' ಎಂದು ಕೊಟ್ಟರೆ 'ರಕ್ತದ ಅಗತ್ಯವಿದೆ' ಎಂಬುದು ತಪ್ಪಿಸಿಕೊಳ್ಳುತ್ತದೆ. 'ದ' ವ್ಯಂಜನವಾದ್ದರಿಂದ ಪದ ಅಲ್ಲಿಗೆ ಮುಗಿಯಿತೆಂದು ಯಂತ್ರ ಒಪ್ಪುವುದಿಲ್ಲ. ನಮ್ಮ ವಿಭಕ್ತಿಗಳ ಗೋಜು ಅದಕ್ಕೆ ತಿಳಿಯದು. ಸಾಲದ್ದಕ್ಕೆ 'ಕೊ' ಅಕ್ಷರದ ಗುಣಿತವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎರಡನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಎಲ್ಲವನ್ನೂ ಮೊದಲು ಒಂದೇ ರೂಪಕ್ಕೆ ತಂದುಕೊಳ್ಳಬೇಕು. ಬಳಿಕ 'ಹಣ'ದ ಮುಂದೆ ದ, ಕ್ಕೆ, ವನ್ನು ಮೊದಲಾದ ಪ್ರತ್ಯಯಗಳನ್ನು ಬಿಟ್ಟು ಬೇರೆ ಕನ್ನಡದ ಗುರುತು ಬರಕೂಡದೆಂದು ನಾವೇ ಬರೆದಿಡಬೇಕು.

ರಕ್ತದ ಜರಡಿಯಲ್ಲಿ ಮಾತ್ರ ಈ ಬಿಗಿ ಇಟ್ಟಿಲ್ಲ. 'ರಕ್ತ' ಎಲ್ಲಿ ಕಂಡರೂ ಬಾಟು ಅದನ್ನು ಬಳಗದ ನೆತ್ತಿಯಲ್ಲಿ ಪಿನ್ ಮಾಡುತ್ತದೆ. ಯಾರಾದರೂ ರಕ್ತಚಂದನದ ದರ ಕೇಳಿದರೆ ಅದೂ ನೆತ್ತಿಯೇರುವುದು. ಏರಲಿ, ಕೈಯಿಂದ ಇಳಿಸಿದರಾಯಿತು. ಕಾಣದೆ ಹೋದ ಮೊರೆಯನ್ನು ಹುಡುಕುವವರಾರು? ಅಳಿಸುವ ಅಧಿಕಾರವನ್ನೋ ನಾವು ಒಂದಕ್ಕೇ ಕೊಟ್ಟಿದ್ದೇವೆ: ಎಪಿಕೆ ಎಂದು ಕೊನೆಗೊಳ್ಳುವ ಕಡತ. ಅದನ್ನು ಗುರುತಿಸಲು ಭಾಷೆಯೇ ಬೇಡ. ಹಣದ ಮಾತುಳ್ಳ ಉಳಿದವು ಮೂವರು ಸದಸ್ಯರ ಕಣ್ಣಿಗೆ ಹೋಗುತ್ತವೆ.

ನಮ್ಮ ಮನೆಗಳಲ್ಲಿ ಕನ್ನಡದೊಡನೆ ದಖನಿ, ತೆಲುಗು ಕೂಡ ಬೆರೆತಿವೆ. ಗಾಬರಿಯಲ್ಲಿರುವವರು 'ಖೂನ್' ಎಂದೂ ಬರೆದಾರು, ಇಂಗ್ಲಿಷ್ ಲಿಪಿಯಲ್ಲಿ ಕನ್ನಡವನ್ನೂ ಬರೆದಾರು. ತಾವು ಇಂತಹ ಹೊತ್ತಿನಲ್ಲಿ ಯಾವ ಪದವನ್ನು ಯಾವ ಲಿಪಿಯಲ್ಲಿ ಬರೆಯುವಿರೋ ಅದನ್ನು ಬಾಗಿಲ ಬಳಿಯ ಪುಸ್ತಕದಲ್ಲಿ ಗುರುತಿಸಿ ಹೋಗಬೇಕೆಂದು ಬೇಡುತ್ತೇವೆ. ಭಾನುವಾರ ಅವನ್ನು ಜರಡಿಗೆ ಸೇರಿಸುತ್ತೇವೆ.